ವಿಜಯಪುರ ಸೀಮೆಯ ಹೊಲಿಗೆ ಮಷಿನ್: ಬಂದ ದಾರಿ, ಉಳಿದ ಬಗೆ

ಕಾಲಿನಿಂದ ತುಳಿಯುವ ಕರಿ ಹೊಲಿಗೆ ಮಷಿನ್ ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ಹಲವು ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳವರೆಗೆ ನಡೆದು ಬಂದಿದೆ. ಎರಕದ ಕಬ್ಬಿಣದ ಗಟ್ಟಿತನ ಒಂದರಿಂದಲೇ ಇದು ಆಗಲಿಲ್ಲ. ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಮತ್ತೆ ಜೋಡಿಸಲು ಬರುವ ಹಾಗೆ ಅದನ್ನು ಕಟ್ಟಿದ್ದರು. ಆ ಕೆಲಸವನ್ನು ಇಲ್ಲಿಯ ಸಿಂಪಿಗರು, ಮಿಸ್ತ್ರಿಗಳು, ಮನೆಯ ಹೆಣ್ಣುಮಕ್ಕಳು ಕೈವಶ ಮಾಡಿಕೊಂಡರು. ಮಷಿನ್ ಬಂದ ಚರಿತ್ರೆಯಷ್ಟೇ ಅದನ್ನು ರಿಪೇರಿ ಮಾಡಿ ಉಳಿಸಿಕೊಂಡ ಚರಿತ್ರೆಯೂ ಮುಖ್ಯ.

ಮಷಿನ್ ಬರುವ ಮುನ್ನ ಈ ಸೀಮೆಯಲ್ಲಿ ಹೊಲಿಗೆಯ ಕೆಲಸ ಈಗಿನಷ್ಟು ಇರಲಿಲ್ಲ. ಇಳಕಲ್ ಸೀರೆ, ಧೋತರ, ರುಮಾಲು ಮಗ್ಗದಿಂದ ಇಳಿದ ಹಾಗೇ ಮೈಮೇಲೆ ಬರುತ್ತಿದ್ದವು. ಸೂಜಿ ಬೇಕಾದದ್ದು ಗುಳೇದಗುಡ್ಡದ ಖಣದ ಕುಪ್ಪಸಕ್ಕೆ, ಗಂಡಸರ ಅಂಗಿಗೆ, ಮಕ್ಕಳ ಕುಂಚಿಗೆಗೆ. ಸಿಂಪಿಗರೂ ದರ್ಜಿಗಳೂ ಅವನ್ನು ಕೈಯಿಂದಲೇ ಹೊಲಿಯುತ್ತಿದ್ದರು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿಯುವ ಕೌದಿ ಮಾತ್ರ ಮನೆಯ ಹೆಂಗಸರ ಪಾಲಿನದು. ಮಷಿನ್ ಬಂದ ಮೇಲೂ ಕೌದಿ ಕೈಹೊಲಿಗೆಯಲ್ಲೇ ಉಳಿಯಿತು. ಅಷ್ಟು ಪದರಗಳ ದಪ್ಪಕ್ಕೆ ಮನೆಯ ಮಷಿನ್ನಿನ ಸೂಜಿ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ.

ಅಮೆರಿಕದಲ್ಲಿ ಎಲಿಯಾಸ್ ಹೋವ್ 1846ರಲ್ಲಿಯೂ ಐಸಾಕ್ ಮೆರಿಟ್ ಸಿಂಗರ್ 1851ರಲ್ಲಿಯೂ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದರು. ಮೇಲಿನ ದಾರವನ್ನು ಕೆಳಗಿನ ದಾರ ಬಟ್ಟೆಯ ನಡುವೆ ಹಿಡಿದು ಬಿಗಿಯುವ ಹೊಲಿಗೆಯೇ ಇಬ್ಬರ ಯಂತ್ರಗಳ ಜೀವ. ಸಿಂಗರ್ ಕಂಪನಿ ದುಡ್ಡನ್ನು ಕಂತಿನಲ್ಲಿ ಕಟ್ಟಿಸಿಕೊಂಡು ಮಷಿನ್ ಮಾರುವ ಪದ್ಧತಿಯನ್ನೂ ಬೆಳೆಸಿತು. ಒಮ್ಮೆಗೇ ಹಣ ಹೊಂದಿಸಲಾಗದ ದರ್ಜಿಗೂ ಇದರಿಂದ ಮಷಿನ್ ಕೈಗೆಟುಕಿತು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ 1885ರಲ್ಲಿ ತೆರೆದ ಕಾರ್ಖಾನೆಯಿಂದ ಹಡಗಿನಲ್ಲಿ ಮುಂಬಯಿಗೆ ಮಾಲು ಬರುತ್ತಿತ್ತು. ಭಾರತದಲ್ಲಿ ಕಂಪನಿಯ ವ್ಯವಹಾರವನ್ನು ದಶಕಗಳ ಕಾಲ ನೋಡಿಕೊಂಡವರು ಪಾರ್ಸಿ ಸಮುದಾಯದ ಎನ್. ಎಂ. ಪಟೇಲ್.

ಆಗ ಬಿಜಾಪುರ ಎನ್ನಿಸಿಕೊಂಡಿದ್ದ ವಿಜಯಪುರ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹೋಟಗಿ–ಗದಗ ರೈಲು ಮಾರ್ಗವೂ ಕಲಾದಗಿಯಿಂದ ಬಂದ ಜಿಲ್ಲಾ ಕಚೇರಿಯೂ 1880ರ ದಶಕದಲ್ಲೇ ಊರಿಗೆ ಕಾಲಿಟ್ಟವು. ರೈಲಿನಿಂದ ಮುಂಬಯಿಯ ಸಾಮಾನೂ ಸೊಲ್ಲಾಪುರದ ಗಿರಣಿ ಬಟ್ಟೆಯೂ ಹತ್ತಿರವಾದವು. ಕಚೇರಿ, ಕೋರ್ಟು, ಶಾಲೆಗಳಿಂದ ಕೋಟು, ಶರ್ಟು, ಚಡ್ಡಿಗಳಿಗೆ ಗಿರಾಕಿ ಹುಟ್ಟಿತು. ಆದಿಲ್‌ಶಾಹಿ ಅರಸೊತ್ತಿಗೆ 1686ರಲ್ಲಿ ಮುಗಿದ ಮೇಲೆ ಪಾಳುಬಿದ್ದಿದ್ದ ಊರಿನಲ್ಲಿ ಹೊಲಿಗೆಯವರಿಗೆ ಮತ್ತೆ ಕೈತುಂಬ ಕೆಲಸ ಸಿಕ್ಕಿದ್ದು ಇಂಥ ಬದಲಾವಣೆಗಳಿಂದ.

ಯಂತ್ರಗಳ ಹುಚ್ಚನ್ನು ಟೀಕಿಸುತ್ತಿದ್ದ ಗಾಂಧೀಜಿ 1924ರ ಒಂದು ಸಂಭಾಷಣೆಯಲ್ಲಿ ಸಿಂಗರ್ ಹೊಲಿಗೆ ಯಂತ್ರವನ್ನು ತಮ್ಮ ಟೀಕೆಯಿಂದ ಹೊರಗಿಟ್ಟರು. ಹೆಂಡತಿಯ ದಣಿವನ್ನು ಕಂಡು ಸಿಂಗರ್ ಅದನ್ನು ಮಾಡಿದನೆಂಬುದು ಅವರ ನಂಬಿಕೆ. ಸ್ವದೇಶಿಯ ಕಾಲದಲ್ಲೂ ವಿಲಾಯತಿ ಮಷಿನ್ನಿನ ಮೇಲೆ ಖಾದಿ ಅಂಗಿ ಹೊಲಿಯಲು ಅಡ್ಡಿ ಇರಲಿಲ್ಲ. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಮಷಿನ್ ತಯಾರಿಸತೊಡಗಿತು. ಸ್ವಾತಂತ್ರ್ಯದ ನಂತರ ಲೂಧಿಯಾನ ಮಷಿನ್ ಮತ್ತು ಬಿಡಿಭಾಗಗಳ ದೊಡ್ಡ ಕೇಂದ್ರವಾಯಿತು. ಮದುವೆಯ ಸಾಮಾನಿನ ಜೊತೆ ಹೊಲಿಗೆ ಮಷಿನ್ ಕೊಡುವ ರೂಢಿಯೂ ಇತ್ತು.

ಹಳೆಯ ಮಷಿನ್‌ಗಳಲ್ಲಿ ಎರಡು ಜಾತಿ. ಮೊದಲಿನವು ಉದ್ದನೆಯ ಲಾಳಿಯವು. ನೇಕಾರನ ಲಾಳಿಯಂಥದೇ ಚಿಕ್ಕ ಉಕ್ಕಿನ ಲಾಳಿ ಸೂಜಿಯ ಕೆಳಗೆ ಹಿಂದೆ ಮುಂದೆ ತೂಗಾಡುತ್ತದೆ. ಇದರ ಬಾಬಿನ್ ಈಗ ಸುಲಭಕ್ಕೆ ಸಿಗದು. ಎರಡನೆಯದು ಸಿಂಗರ್‌ನ 15ನೇ ವರ್ಗದ್ದು: ದುಂಡನೆಯ ಬಾಬಿನ್, ಬಾಬಿನ್ ಕೇಸ್, ಅರ್ಧಚಂದ್ರದಂಥ ಶಟಲ್. ಜಪಾನಿನ ಹಾಗೂ ಭಾರತದ ಕಾರ್ಖಾನೆಗಳು ನಕಲು ಮಾಡಿದ್ದು ಹೆಚ್ಚಾಗಿ ಇದನ್ನೇ. ಹಾಗಾಗಿ ಸ್ಕಾಟ್ಲೆಂಡಿನ ಮಷಿನ್‌ಗೆ ಲೂಧಿಯಾನದ ಬಾಬಿನ್ ಕೂಡುತ್ತದೆ. ಹಳ್ಳಿಯ ರಿಪೇರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇರಲಿಲ್ಲ.

ಕೆಟ್ಟದ್ದು ದೊಡ್ಡದಾಗಿದ್ದರೆ ಮಿಸ್ತ್ರಿಯ ಬಳಿ ಒಯ್ಯುವುದೂ ಸಾಧ್ಯವಿತ್ತು. ಎರಡು ತಿರುಪು ಸಡಿಲಿಸಿದರೆ ಮಷಿನ್ನಿನ ಮೇಲ್ಭಾಗ ಹಲಗೆಯ ಕೀಲಿನಿಂದ ಕಳಚಿ ಬರುತ್ತದೆ. ಹತ್ತು ಕಿಲೋ ಮೀರಿದ ಭಾರವಾದರೂ ಹಳೇ ಸೀರೆಯಲ್ಲಿ ಸುತ್ತಿ ಬಸ್ಸಿಗೆ ಹೇರಬಹುದು. ಕಬ್ಬಿಣದ ಸ್ಟ್ಯಾಂಡು ಮನೆಯಲ್ಲೇ ಉಳಿಯುತ್ತದೆ. ಆದರೆ ಸಣ್ಣ ಸಣ್ಣ ತೊಂದರೆಗೆಲ್ಲ ಪೇಟೆಗೆ ಹೋಗುವುದು ಆಗದ ಮಾತು. ಮನೆಯಲ್ಲೇ ದುರಸ್ತಿ ಮಾಡಿಕೊಳ್ಳುವ ರೂಢಿ ಬೆಳೆದದ್ದು ಆ ಕಾರಣಕ್ಕೆ.

‘ಮಷಿನ್ ಹಿಡಕೊಂಡೈತಿ’ ಎಂದರೆ ಮೊದಲು ನೋಡಬೇಕಾದದ್ದು ಹೇಗೆ ಹಿಡಿದಿದೆ ಎಂಬುದನ್ನು. ಚಕ್ರ ಆಚೀಚೆ ಸ್ವಲ್ಪ ಆಡಿ ನಿಂತುಬಿಟ್ಟರೆ ದಾರ ಸಿಕ್ಕಿಕೊಂಡಿದೆ ಎಂದರ್ಥ. ಹೊಸದಾಗಿ ತುಳಿಯಲು ಕಲಿಯುವವರ ಕೈಯಲ್ಲಿ ಇದು ಹೆಚ್ಚು. ಕಾಲಿನ ಲಯ ತಪ್ಪಿ ಚಕ್ರ ಹಿಂದಕ್ಕೆ ತಿರುಗಿದರೆ ದಾರ ಶಟಲ್ಲಿಗೆ ಸುತ್ತಿಕೊಳ್ಳುತ್ತದೆ. 15ನೇ ವರ್ಗದ ಮಷಿನ್ನಿನಲ್ಲಿ ಚಕ್ರದ ಮೇಲಂಚು ಹೊಲಿಯುವವರ ಕಡೆಗೇ ತಿರುಗಬೇಕು. ಚಕ್ರ ಸಲೀಸಾಗಿ ತಿರುಗಿದರೂ ಸೂಜಿ ಆಡದಿದ್ದರೆ, ಬಾಬಿನ್ ಸುತ್ತಲು ಸಡಿಲಿಸಿದ ನಡುವಿನ ತಿರುಪನ್ನು ಬಿಗಿಯಲು ಮರೆತಿರುತ್ತಾರೆ. ಚಕ್ರ ಕಲ್ಲಿನಂತೆ ಅಲುಗದಿದ್ದರೆ ಒಳಗೆ ಎಣ್ಣೆ ಒಣಗಿದೆ.

ದಾರ ಸಿಕ್ಕಿದ್ದರೆ ಸೂಜಿ ತೆಗೆದು, ಬಾಬಿನ್ ಕೇಸ್ ಹೊರಗೆಳೆದು, ಶಟಲ್ಲನ್ನು ಹಿಡಿದಿರುವ ಬಳೆಯನ್ನು ಬಿಚ್ಚುತ್ತಾರೆ. ಶಟಲ್ ಓಡಾಡುವ ದುಂಡನೆಯ ಜಾಡಿನಲ್ಲಿ ಬಟ್ಟೆಯ ಧೂಳು, ಹತ್ತಿಯ ನವಿರು, ಎಣ್ಣೆ ಮೂರೂ ಸೇರಿ ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಕೂತಿರುತ್ತವೆ. ಅದರ ಅಡಿಯಲ್ಲಿ ಬೆರಳಿನ ಉಗುರಿನಷ್ಟು ದಾರದ ಚೂರು ಸಿಕ್ಕಿದ್ದರೂ ಸಾಕು, ಇಡೀ ಮಷಿನ್ ನಿಲ್ಲುತ್ತದೆ. ಸೂಜಿಯ ತುದಿಯಿಂದ ಅದನ್ನು ಎತ್ತಿ, ಒಣ ಬ್ರಷ್ಷಿನಿಂದ ಒರೆಸಿ, ಶಟಲ್ಲಿನ ಅಂಚಿಗೆ ಒಂದೇ ಹನಿ ಎಣ್ಣೆ ಬಿಟ್ಟು ಕೂಡಿಸಬೇಕು. ಹೊಸ ಸೂಜಿ ಹಾಕುವಾಗ ಅದರ ಚಪ್ಪಟೆ ಮೈ ಶಟಲ್ಲಿನ ಕಡೆಗಿರಬೇಕು. ತಿರುಗುಮುರುಗಾದರೆ ಹೊಲಿಗೆ ಬೀಳುವುದೇ ಇಲ್ಲ.

ಒಣಗಿದ ಎಣ್ಣೆಯ ತೊಂದರೆಗೆ ಈ ಸೀಮೆಯದೇ ಆದ ಒಂದು ಕಾರಣವಿದೆ. ಎರೆಹೊಲದ ಈ ನಾಡು ಕುಸುಬಿ ಬೆಳೆಯುವ ನಾಡು. ಅಡುಗೆಮನೆಯಲ್ಲಿ ಕುಸುಬಿ ಎಣ್ಣೆ ಸದಾ ಇರುತ್ತಿತ್ತು. ಮಷಿನ್ ಎಣ್ಣೆ ತೀರಿದಾಗ ಅದನ್ನೇ ಬಿಟ್ಟರೆ ಅಂದಿಗೆ ಚಕ್ರ ಹಗುರಾಗುತ್ತದೆ. ಆದರೆ ಕುಸುಬಿ ಎಣ್ಣೆ ಗಾಳಿಗೆ ಒಣಗುವ ಜಾತಿಯದು, ಬಣ್ಣ ಮತ್ತು ವಾರ್ನಿಷ್‌ಗೆ ಅದನ್ನು ಬಳಸುವುದು ಆ ಗುಣಕ್ಕಾಗಿಯೇ. ಕೆಲವು ತಿಂಗಳಲ್ಲಿ ಅದು ಕಂದು ಅಂಟಾಗಿ ಕೀಲುಗಳನ್ನು ಬೆಸೆಯುತ್ತದೆ. ಮಷಿನ್ ಎಣ್ಣೆ ಖನಿಜ ತೈಲ, ಹಾಗೆ ಒಣಗುವುದಿಲ್ಲ.

ಮದ್ದು ಚಿಮಣಿ ಎಣ್ಣೆ. ದೀಪಕ್ಕೂ ಸ್ಟೋವಿಗೂ ಅದು ಬೇಕಾಗಿದ್ದರಿಂದ ಪ್ರತಿ ಮನೆಯಲ್ಲೂ ಇತ್ತು. ಹತ್ತಿರ ಬೆಂಕಿ ಇಲ್ಲದಂತೆ ನೋಡಿಕೊಂಡು ಎಣ್ಣೆಯ ತೂತುಗಳಿಗೂ ಕೀಲುಗಳಿಗೂ ಹನಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸುತ್ತಾರೆ. ಜಿಡ್ಡು ಕರಗಿ ಕಂದು ನೀರಾಗಿ ಇಳಿಯುತ್ತದೆ. ಒಮ್ಮೆಗೆ ಬಿಡದಿದ್ದರೆ ಮತ್ತೊಂದು ರಾತ್ರಿ ಕಾಯಬೇಕೇ ಹೊರತು ಸುತ್ತಿಗೆ ಮುಟ್ಟಬಾರದು. ಎರಕದ ಕಬ್ಬಿಣ ಬಾಗುವುದಿಲ್ಲ, ಸೀಳುತ್ತದೆ. ಕೊನೆಗೆ ಚಿಮಣಿ ಎಣ್ಣೆಯನ್ನು ಒರೆಸಿ ಮಷಿನ್ ಎಣ್ಣೆ ಬಿಡದಿದ್ದರೆ ತುಕ್ಕು ಹಿಡಿಯುತ್ತದೆ. ಕರಿ ಮೈಮೇಲಿನ ಬಂಗಾರದ ಚಿತ್ತಾರಕ್ಕೆ ಅದನ್ನು ಸೋಕಿಸದಿರುವುದು ಲೇಸು. ಎಷ್ಟೋ ಮಷಿನ್‌ಗಳಲ್ಲಿ ಬಟ್ಟೆ ಉಜ್ಜಿ ಉಜ್ಜಿ ಮುಂಭಾಗದ ಚಿತ್ತಾರ ಆಗಲೇ ಅಳಿಸಿರುತ್ತದೆ.

ಸಿದ್ಧ ಉಡುಪು ಬಂದು ದರ್ಜಿಯ ಅಂಗಡಿಗೆ ಕೆಲಸ ಕಡಿಮೆಯಾಯಿತು. ಉಳಿದ ಅಂಗಡಿಗಳಿಗೆ ವಿದ್ಯುತ್ತಿನ ವೇಗದ ಮಷಿನ್‌ಗಳು ಬಂದವು. ಕ್ಲೈಡ್‌ಬ್ಯಾಂಕ್ ಕಾರ್ಖಾನೆ 1980ರಲ್ಲಿ ಮುಚ್ಚಿತು. ತಿಕೋಟಾ, ಬಬಲೇಶ್ವರಗಳು ಈಗ ತಾಲೂಕು ಕೇಂದ್ರಗಳು, ಸುತ್ತಲ ಹೊಲಗಳಲ್ಲಿ ದ್ರಾಕ್ಷಿಯ ಬಳ್ಳಿ ಹಬ್ಬಿದೆ. ಆದರೂ ಜಂಪರು, ಲಂಗ, ಫಾಲು, ಹರಿದ ಬಟ್ಟೆಯ ತೇಪೆ ಇವೆಲ್ಲ ಇನ್ನೂ ಮನೆಯ ಮಷಿನ್ನಿನ ಮೇಲೆಯೇ ಆಗುತ್ತವೆ. 15ನೇ ವರ್ಗದ ಬಾಬಿನ್, ಸೂಜಿ, ಬೆಲ್ಟುಗಳು ಇವತ್ತಿಗೂ ತಯಾರಾಗುತ್ತಿವೆ. ಹೀಗಿರುವಾಗ, ಹಿಡಿದುಕೊಂಡ ಹಳೆಯ ಮಷಿನ್ನನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುವ ಮೊದಲು ಅದರ ಶಟಲ್ಲನ್ನು ಒಮ್ಮೆ ಬಿಚ್ಚಿ ನೋಡಬೇಕು.