ಬಾಲ್ಕನಿಯ ಬ್ರಹ್ಮಕಮಲ ಹಿಮಾಲಯದ ಹೂವೇ? ಅದರ ಕಷಾಯದಿಂದ ಜ್ವರ ವಾಸಿಯಾಗುತ್ತದೆಯೇ?

ಸಾರಾಂಶ

ಬ್ರಹ್ಮಕಮಲ ಹಿಮಾಲಯದ ಹೂವು, 12 ವರ್ಷಕ್ಕೊಮ್ಮೆ ಮಾತ್ರ ಅರಳುತ್ತದೆ, ಅದರ ದಳ ಕುದಿಸಿ ಕುಡಿದರೆ ಜ್ವರ ವಾಸಿಯಾಗುತ್ತದೆ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ನಾವು ಪರಿಶೀಲಿಸಿದೆವು. ನಮ್ಮ ಮನೆಗಳಲ್ಲಿ ಬೆಳೆಯುವ ಗಿಡದ ಮಟ್ಟಿಗೆ ಮೊದಲ ಎರಡು ಮಾತು ತಪ್ಪು, ಮೂರನೆಯದು ಅಪಾಯಕಾರಿ.

ಹೇಳಿಕೆ

ಬ್ರೂಕ್‌ಫೀಲ್ಡ್‌ನ ಅಪಾರ್ಟ್‌ಮೆಂಟ್ ಗ್ರೂಪೊಂದರಿಂದ ನಮಗೆ ಬಂದ ಫಾರ್ವರ್ಡ್‌ನಲ್ಲಿ, ರಾತ್ರಿ ಕುಂಡದಲ್ಲಿ ಅರಳಿದ ದೊಡ್ಡ ಬಿಳಿ ಹೂವಿನ ಫೋಟೊ ಇದೆ. ಅದರ ಕೆಳಗೆ ಈ ಮೂರೂ ಮಾತುಗಳಿವೆ.

ಸತ್ಯಾಂಶ

ಇದು ಹಿಮಾಲಯದ ಹೂವೇ?

ಅಲ್ಲ. ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಗಿಡಗಳಿವೆ. ನಮ್ಮ ಕುಂಡದಲ್ಲಿರುವುದು ಎಪಿಫಿಲಂ ಆಕ್ಸಿಪೆಟಾಲಂ. ಇದು ಪಾಪಸುಕಳ್ಳಿಯ ಕುಟುಂಬಕ್ಕೆ ಸೇರಿದ್ದು, ಇದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಕೇರಳದಲ್ಲಿ ಇದನ್ನೇ ನಿಶಾಗಂಧಿ ಎನ್ನುತ್ತಾರೆ. ನಾವು ಎಲೆ ಎಂದುಕೊಳ್ಳುವುದು ನಿಜಕ್ಕೂ ಚಪ್ಪಟೆಯಾದ ಕಾಂಡ. ಅದಕ್ಕೇ ಅದರ ಅಂಚಿನಿಂದ ಮೊಗ್ಗು ಬರುತ್ತದೆ.

ಹಿಮಾಲಯದ ಬ್ರಹ್ಮಕಮಲ ಸಾಸುರಿಯಾ ಆಬ್ವಲಾಟಾ. ಇದು ಸೂರ್ಯಕಾಂತಿಯ ಕುಟುಂಬದ ಗಿಡ, ಉತ್ತರಾಖಂಡದ ರಾಜ್ಯಪುಷ್ಪ. ಸುಮಾರು 3,700 ಮೀಟರ್‌ಗಿಂತ ಎತ್ತರದಲ್ಲಿ ಬೆಳೆಯುತ್ತದೆ. ತೆಳು ಹಳದಿ-ಹಸಿರು ಹೊದಿಕೆಯೊಳಗೆ ನೇರಳೆ ಬಣ್ಣದ ಪುಟ್ಟ ಹೂಗಳಿರುತ್ತವೆ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಹಾಗಾಗಿ "ಅಸಲಿ ಹಿಮಾಲಯದ ಬೀಜ" ಎಂದು ಯಾರಾದರೂ ಮಾರಿದರೆ ದುಡ್ಡು ಕೊಡುವ ಮುನ್ನ ಯೋಚಿಸಿ.

12 ವರ್ಷಕ್ಕೊಮ್ಮೆ ಅರಳುತ್ತದೆಯೇ?

ಇಲ್ಲ. ಚೆನ್ನಾಗಿ ಬೆಳೆದ ಗಿಡ ಪ್ರತಿ ವರ್ಷ, ಹೆಚ್ಚಾಗಿ ಮಳೆಗಾಲದಲ್ಲಿ, ಒಂದಕ್ಕಿಂತ ಹೆಚ್ಚು ಸಲವೂ ಹೂ ಬಿಡಬಹುದು. ಅಪರೂಪವಾಗಿರುವುದು ಅರಳಿರುವ ಹೊತ್ತು ಮಾತ್ರ. ರಾತ್ರಿ ಬಿರಿಯತೊಡಗಿ, ನಡುರಾತ್ರಿಯ ಹೊತ್ತಿಗೆ ಪೂರ್ತಿ ಅರಳಿ, ಬೆಳಗಾಗುವಷ್ಟರಲ್ಲಿ ಬಾಡುತ್ತದೆ. ಕತ್ತಲಲ್ಲಿ ಹಾರುವ ಪತಂಗಗಳನ್ನು ಕರೆಯಲೆಂದೇ ಬಿಳಿ ಬಣ್ಣ, ಗಾಢ ಪರಿಮಳ.

ಕಷಾಯದಿಂದ ಜ್ವರ ವಾಸಿಯಾಗುತ್ತದೆಯೇ?

ಹಿಮಾಲಯದ ಗಿಡಕ್ಕೆ ಅಲ್ಲಿನ ನಾಟಿ ವೈದ್ಯದಲ್ಲಿ ಬಳಕೆ ಇದೆ. ಹೆಸರು ಒಂದೇ ಎಂಬ ಕಾರಣಕ್ಕೆ ಆ ಗುಣಗಳನ್ನು ಮೆಕ್ಸಿಕೊದ ಕಳ್ಳಿಗೆ ಅಂಟಿಸುವಂತಿಲ್ಲ. ಚೀನಾದಲ್ಲಿ ನಮ್ಮ ಕುಂಡದ ಈ ಹೂವನ್ನು ಸೂಪ್‌ಗೆ ಹಾಕುವುದುಂಟು. ಆದರೆ ತಿನ್ನುವ ಪದಾರ್ಥವೆಲ್ಲ ಔಷಧವಲ್ಲ.

ಮಳೆಗಾಲದ ಜ್ವರ ಡೆಂಗಿ ಆಗಿರಬಹುದು. ಡೆಂಗಿಯಲ್ಲಿ ಅಪಾಯದ ಘಟ್ಟ ಹೆಚ್ಚಾಗಿ ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೇ. "ಕಷಾಯ ಕುಡಿದೆ, ಜ್ವರ ಇಳಿಯಿತು" ಎಂದು ಸುಮ್ಮನಾಗುವುದು ಅದಕ್ಕೇ ಅಪಾಯ. ಜ್ವರ ಎರಡು ದಿನವಾದರೂ ಬಿಡದಿದ್ದರೆ ಪರೀಕ್ಷೆ ಮಾಡಿಸಿ. ತೀವ್ರ ಹೊಟ್ಟೆನೋವು, ಪದೇ ಪದೇ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಬೆಳೆಸುವುದು ಹೇಗೆ?

ಬೀಜ ಬೇಕಿಲ್ಲ. ಗಿಡ ಇರುವವರ ಬಳಿ ಗೇಣುದ್ದದ ಒಂದು "ಎಲೆ" ಕೇಳಿ ತನ್ನಿ. ಕತ್ತರಿಸಿದ ಭಾಗ ಒಣಗಲು ಎರಡು-ಮೂರು ದಿನ ನೆರಳಲ್ಲಿಟ್ಟು, ಮಣ್ಣು, ಮರಳು, ಕೋಕೋಪೀಟ್ ಬೆರೆಸಿದ ಕುಂಡದಲ್ಲಿ ನೆಡಿ. ಬೆಳಗಿನ ಎಳೆಬಿಸಿಲು ಸಾಕು, ಮಧ್ಯಾಹ್ನದ ಬಿಸಿಲು ಬೇಡ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ, ಇಲ್ಲವಾದರೆ ಬೇರು ಕೊಳೆಯುತ್ತದೆ. ಹೂವಿಗೆ ಎರಡು-ಮೂರು ವರ್ಷ ಕಾಯಬೇಕಾಗಬಹುದು.

ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ಕಡೆಯೇ. ವಾರಕ್ಕೊಮ್ಮೆಯಾದರೂ ತಟ್ಟೆ ಖಾಲಿ ಮಾಡಿ, ಉಜ್ಜಿ ತೊಳೆಯಿರಿ.

ನಮ್ಮ ತೀರ್ಮಾನ

ಈ ಹೇಳಿಕೆ ತಪ್ಪು. ಹೂ ಅರಳಿದ ರಾತ್ರಿ ಅಕ್ಕಪಕ್ಕದವರನ್ನು ಕರೆದು ತೋರಿಸಿ, ಫೋಟೊ ಹಂಚಿಕೊಳ್ಳಿ. ಕಷಾಯದ ಮಾತನ್ನು ಮಾತ್ರ ಮುಂದೆ ಕಳಿಸಬೇಡಿ.