ವೇಗದ ಹುಡುಗಿಯರು ಎಲ್ಲಿ ತಯಾರಾಗುತ್ತಾರೆ?

ಜಾವಗಲ್ ಶ್ರೀನಾಥ್, ವೆಂಕಟೇಶ ಪ್ರಸಾದ್, ದೊಡ್ಡ ಗಣೇಶ್, ಡೇವಿಡ್ ಜಾನ್ಸನ್, ವಿನಯ್ ಕುಮಾರ್, ಅಭಿಮನ್ಯು ಮಿಥುನ್, ಪ್ರಸಿದ್ಧ ಕೃಷ್ಣ. ಕರ್ನಾಟಕದ ವೇಗಿಗಳ ಹೆಸರು ಹೇಳಲು ಕ್ರಿಕೆಟ್ ಬಲ್ಲ ಯಾರಿಗೂ ಹೆಚ್ಚು ಯೋಚಿಸಬೇಕಾಗಿಲ್ಲ. ಹೆಣ್ಣುಮಕ್ಕಳ ಪಟ್ಟಿ ಹೇಳಿ ಎಂದರೆ ಮಾತು ತಡವರಿಸುತ್ತದೆ. ಶಾಂತಾ ರಂಗಸ್ವಾಮಿ, ಮಮತಾ ಮಾಬೆನ್, ಇತ್ತೀಚೆಗೆ ಮೋನಿಕಾ ಪಟೇಲ್ ಎಂದಮೇಲೆ ನೆನಪನ್ನು ಕೆದಕಬೇಕಾಗುತ್ತದೆ. 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಭಾರತದ ವನಿತೆಯರು ವಿಶ್ವಕಪ್ ಗೆದ್ದಾಗ ಹೊಸ ಚೆಂಡು ಹಿಡಿದವರು ಹಿಮಾಚಲದ ರೇಣುಕಾ ಸಿಂಗ್ ಮತ್ತು ಮಧ್ಯಪ್ರದೇಶದ ಕ್ರಾಂತಿ ಗೌಡ್. ಆ ತಂಡದಲ್ಲಿ ಕರ್ನಾಟಕದ ಆಟಗಾರ್ತಿ ಒಬ್ಬರೂ ಇರಲಿಲ್ಲ.

ಶುರುವಿನಲ್ಲಿ ಹೀಗಿರಲಿಲ್ಲ ಎಂಬುದೇ ಬೇಸರದ ಸಂಗತಿ. ಭಾರತದ ಮಹಿಳಾ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಅದೇ ವರ್ಷ ಪುಣೆಯಲ್ಲಿ ಮೂರೇ ತಂಡಗಳನ್ನಿಟ್ಟುಕೊಂಡು ಮೊದಲ ರಾಷ್ಟ್ರೀಯ ಟೂರ್ನಿ ನಡೆಯಿತು. ಮೂರು ವರ್ಷಗಳ ನಂತರ, 1976ರ ಅಕ್ಟೋಬರ್ 31ರಂದು, ಭಾರತದ ಮಹಿಳೆಯರ ಮೊತ್ತಮೊದಲ ಟೆಸ್ಟ್ ಪಂದ್ಯ ಬೆಂಗಳೂರಿನಲ್ಲಿಯೇ ವೆಸ್ಟ್ ಇಂಡೀಸ್ ವಿರುದ್ಧ ಆರಂಭವಾಯಿತು. ನಾಯಕಿ ಕರ್ನಾಟಕದ ಶಾಂತಾ ರಂಗಸ್ವಾಮಿ, ಮಧ್ಯಮ ವೇಗದ ಬೌಲರ್. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಭಾರತ ತನ್ನ ಮೊದಲ ಟೆಸ್ಟ್ ಗೆದ್ದಾಗಲೂ ಅವರೇ ನಾಯಕಿ. ಮರುವರ್ಷ ಡ್ಯುನೆಡಿನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 108 ರನ್ ಹೊಡೆದು ಟೆಸ್ಟ್ ಶತಕ ಬಾರಿಸಿದ ಮೊದಲ ಭಾರತೀಯಳೂ ಆದರು. ಆ ಶತಕದ ನೆರಳಿನಲ್ಲಿ ಅವರ ಬೌಲಿಂಗ್ ಮರೆತುಹೋಗಿದೆ. 16 ಟೆಸ್ಟ್‌ಗಳಲ್ಲಿ 21 ವಿಕೆಟ್ ಪಡೆದವರು ಅವರು. ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಪ್ರಯಾಣ ಮಾಡಿ, ಸಿಕ್ಕ ಕಡೆ ಮಲಗೆದ್ದು ಆಡುತ್ತಿದ್ದ ಕಾಲ ಅದು. ಹುಡುಗಿಯೊಬ್ಬಳ ರನ್‌ಅಪ್ ನೋಡಿ ತಿದ್ದುವ ವೇಗದ ಬೌಲಿಂಗ್ ತರಬೇತುದಾರರ ಕಲ್ಪನೆಯೂ ಆಗ ಇದ್ದಿರಲಾರದು.

ಎರಡನೆಯ ತಲೆಮಾರಿನ ಹೆಸರು ಮಮತಾ ಮಾಬೆನ್. 2004ರ ಏಷ್ಯಾ ಕಪ್‌ನಲ್ಲಿ, ಕ್ಯಾಂಡಿಯಲ್ಲಿ, ಶ್ರೀಲಂಕಾ ವಿರುದ್ಧ ಅವರು 10 ರನ್ನಿಗೆ 6 ವಿಕೆಟ್ ಕಿತ್ತರು. ಜೂಲನ್ ಗೋಸ್ವಾಮಿ 255 ಏಕದಿನ ವಿಕೆಟ್ ಪಡೆದು 2022ರಲ್ಲಿ ನಿವೃತ್ತರಾದರೂ ಒಂದೇ ಪಂದ್ಯದಲ್ಲಿ ಈ ಸಾಧನೆಯನ್ನು ದಾಟಲಿಲ್ಲ. ಮಮತಾ ಮುಂದೆ ಬಾಂಗ್ಲಾದೇಶ ಮತ್ತು ಚೀನಾದ ಮಹಿಳಾ ತಂಡಗಳಿಗೆ ತರಬೇತಿ ಕೊಟ್ಟರು.

2006ರಲ್ಲಿ ಮಹಿಳಾ ಕ್ರಿಕೆಟ್ ಬಿಸಿಸಿಐ ತೆಕ್ಕೆಗೆ ಬಂತು. ಮೈದಾನ, ಪ್ರಯಾಣ, ಭತ್ಯೆ ಎಲ್ಲವೂ ಸುಧಾರಿಸಿದವು. ಆದರೆ ಕರ್ನಾಟಕದಿಂದ ಬಂದವರು ಯಾರು ನೋಡಿ. ಕಡೂರಿನ ವೇದಾ ಕೃಷ್ಣಮೂರ್ತಿ ಬ್ಯಾಟರ್. ವಿಜಯಪುರದ ರಾಜೇಶ್ವರಿ ಗಾಯಕವಾಡ್ ಎಡಗೈ ಸ್ಪಿನ್ನರ್; 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಪಡೆದವರು. ಶ್ರೇಯಾಂಕಾ ಪಾಟೀಲ್ ಆಫ್ ಸ್ಪಿನ್ನರ್. 2024ರಲ್ಲಿ ಆರ್‌ಸಿಬಿ ಮಹಿಳಾ ಪ್ರೀಮಿಯರ್ ಲೀಗ್ (ಡಬ್ಲ್ಯುಪಿಎಲ್) ಗೆದ್ದಾಗ ಆ ಟೂರ್ನಿಯಲ್ಲಿ ಅತಿ ಹೆಚ್ಚು ವಿಕೆಟ್ ಅವರದೇ. ವೇಗದ ಸಾಲಿನಲ್ಲಿ ನಿಲ್ಲುವವರು ಎಡಗೈ ಬೌಲರ್ ಮೋನಿಕಾ ಪಟೇಲ್. 2021ರ ಮಾರ್ಚ್‌ನಲ್ಲಿ ಲಖನೌದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಭಾರತದ ಪರ ಆಡಿದರು, ಆ ಅವಕಾಶ ಬಹಳ ಮುಂದುವರಿಯಲಿಲ್ಲ.

ಸ್ಪಿನ್ ಕಡೆಗೆ ಈ ಒಲವು ಆಕಸ್ಮಿಕವಲ್ಲ. ಹುಡುಗಿ ಹದಿನಾರು ಹದಿನೇಳರ ವಯಸ್ಸಿಗೆ ಲೆದರ್ ಬಾಲ್ ಮುಟ್ಟಿದರೆ ಅವಳಿಂದ ಬೇಗ ಫಲ ತೆಗೆಯುವ ದಾರಿ ಸ್ಪಿನ್. ವೇಗಕ್ಕೆ ಬೇಕಾದ ಕಾಲು, ಸೊಂಟ, ಬೆನ್ನಿನ ಬಲ ಕಟ್ಟಲು ವರ್ಷಗಳು ಬೇಕು, ಆಯ್ಕೆ ಶಿಬಿರ ಮುಂದಿನ ತಿಂಗಳು ಇರುತ್ತದೆ. ನಿಧಾನದ ಪಿಚ್‌ನಲ್ಲಿ ಹದವಾದ ವೇಗದ ಚೆಂಡನ್ನು ಹೊಡೆಯುವುದು ಸುಲಭ, ಹಾಗಾಗಿ ಪಂದ್ಯ ಗೆಲ್ಲಬೇಕಾದ ನಾಯಕಿ ಸ್ಪಿನ್ನರ್ ಕೈಗೆ ಚೆಂಡು ಕೊಡುತ್ತಾಳೆ. ವೇಗದ ಹುಡುಗಿ ಎರಡು ಓವರ್ ಹಾಕಿ ಬೌಂಡರಿ ಗೆರೆಗೆ ಹೋಗುತ್ತಾಳೆ. ಹೀಗೆ ನಾಲ್ಕು ಪಂದ್ಯ ಕಳೆದರೆ ಅವಳೇ ರನ್‌ಅಪ್ ಕಡಿಮೆ ಮಾಡಿಕೊಳ್ಳುತ್ತಾಳೆ.

ವೇಗದ ಬೌಲರ್‌ಗಳನ್ನು ಬೆಳೆಸುವ ವಿದ್ಯೆ ಎಂದು ಜಗತ್ತು ಯಾವುದನ್ನು ಕರೆಯುತ್ತದೋ ಅದು ಬಹುಪಾಲು ಗಂಡುಮಕ್ಕಳ ದೇಹ ನೋಡಿ ಬರೆದದ್ದು. ಡೆನ್ನಿಸ್ ಲಿಲ್ಲಿ 1973ರಲ್ಲಿ ಬೆನ್ನುಮೂಳೆಯ ಬಿರುಕಿನಿಂದ ಆಟದಿಂದ ಹೊರಬಿದ್ದು, ದೇಹವನ್ನು ಮತ್ತೆ ಕಟ್ಟಿ ಮರಳಿದರು. ಅದೇ ಲಿಲ್ಲಿ 1987ರಿಂದ ಚೆನ್ನೈನ ಎಂಆರ್‌ಎಫ್ ಪೇಸ್ ಫೌಂಡೇಶನ್‌ನಲ್ಲಿ ನಮ್ಮ ಶ್ರೀನಾಥ್, ಪ್ರಸಾದ್ ಅಂಥವರನ್ನು ತಿದ್ದಿದರು. 1989ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಸಂಶೋಧಕರು 82 ಮಂದಿ ಯುವ ವೇಗಿಗಳನ್ನು ಒಂದು ಋತುವಿನುದ್ದಕ್ಕೂ ಗಮನಿಸಿದರು. ಶೇ 11ರಷ್ಟು ಹುಡುಗರಿಗೆ ಬೆನ್ನುಮೂಳೆಯಲ್ಲಿ ಬಿರುಕು ಬಂದಿತ್ತು. ಹೆಚ್ಚು ಪಂದ್ಯ ಆಡಿದವರಿಗೆ, ಸೊಂಟ ಒಂದು ದಿಕ್ಕಿಗೆ ಭುಜ ಇನ್ನೊಂದು ದಿಕ್ಕಿಗೆ ತಿರುಚುವ ಶೈಲಿಯವರಿಗೆ ಅಪಾಯ ಹೆಚ್ಚು ಎಂಬ ತಿಳಿವಳಿಕೆ ಬೆಳೆದದ್ದು ಇಂಥ ಅಧ್ಯಯನಗಳಿಂದ. ಓವರ್‌ಗಳ ಮಿತಿ ಬಂದದ್ದು ಈ ಹಾದಿಯಲ್ಲೇ. ಇಂಗ್ಲೆಂಡ್ ಮಂಡಳಿಯ ನಿರ್ದೇಶನದಲ್ಲಿ 13ರೊಳಗಿನ ವೇಗಿ ಒಂದು ಸ್ಪೆಲ್‌ನಲ್ಲಿ 5 ಓವರ್, ದಿನಕ್ಕೆ 10. 15ರೊಳಗಿನವರಿಗೆ 6 ಮತ್ತು 12.

ಹೆಣ್ಣುಮಕ್ಕಳ ಕಡೆ ಸಂಶೋಧನೆ ತಿರುಗಿದ್ದು ತೀರಾ ಈಚೆಗೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಪ್ರಕಟಿಸಿದ ಹೋಲಿಕೆ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುತ್ತದೆ. ಗಂಡು ವೇಗಿ ಓಡಿ ಬಂದ ರಭಸವನ್ನು ನೆಟ್ಟಗೆ ಊರಿದ ಮುಂಗಾಲಿನ ಮೇಲೆ ತಡೆದು ಚೆಂಡಿಗೆ ದಾಟಿಸುತ್ತಾನೆ. ಹೆಣ್ಣು ವೇಗಿಗಳು ಅದಕ್ಕಿಂತ ಹೆಚ್ಚಾಗಿ ಸೊಂಟ ಮತ್ತು ಭುಜಗಳನ್ನು ತಿರುಗಿಸಿ ವೇಗ ಪಡೆಯುತ್ತಾರೆ, ಎಸೆಯುವವರ ಚಲನೆಗೆ ಅದು ಹತ್ತಿರ. ಅಂದಮೇಲೆ ಹುಡುಗಿಯನ್ನು ‘ಶ್ರೀನಾಥ್ ಹಾಗೆ ಹಾಕು’ ಎಂದು ತಿದ್ದುವುದು ಅವಳ ವೇಗದ ಮೂಲವನ್ನೇ ಕಡಿದ ಹಾಗೆ. ನಿಯಮಗಳೂ ಈ ವ್ಯತ್ಯಾಸವನ್ನು ಒಪ್ಪಿವೆ: ಗಂಡಸರ ಚೆಂಡು ಸುಮಾರು 156ರಿಂದ 163 ಗ್ರಾಂ, ಮಹಿಳೆಯರದು 140ರಿಂದ 151. ಆದರೂ ಎಷ್ಟೋ ನೆಟ್ಸ್‌ಗಳಲ್ಲಿ ಹುಡುಗರು ಆಡಿ ಬಿಟ್ಟ ಭಾರದ ಚೆಂಡೇ ಹುಡುಗಿಯ ಕೈಗೂ ಬರುತ್ತದೆ. ಹನ್ನೆರಡರ ಹುಡುಗಿಗೆ 22 ಗಜವೂ ಉದ್ದ, ಚೆಂಡೂ ಭಾರ. ಎರಡನ್ನೂ ಜಯಿಸಲು ಅವಳು ಬೆನ್ನನ್ನು ಬಾಗಿಸಿ ತಿರುಚುತ್ತಾಳೆ, ಮುಂದೆ ಅದೇ ಅವಳ ಶೈಲಿಯಾಗುತ್ತದೆ.

ಇಲ್ಲಿ ಸಾಫ್ಟ್‌ಬಾಲ್ ಆಟದಿಂದ ಕಲಿಯಬೇಕಾದ್ದೊಂದಿದೆ. ಅಮೆರಿಕ, ಜಪಾನ್‌ಗಳಲ್ಲಿ ಹುಡುಗಿಯರು ತೋಳನ್ನು ಪೂರ್ತಿ ಸುತ್ತು ಬೀಸಿ, ಸೊಂಟದ ಪಕ್ಕದಿಂದ 43 ಅಡಿ ದೂರದ ಬ್ಯಾಟರ್‌ಗೆ ಚೆಂಡೆಸೆಯುತ್ತಾರೆ. ಕೈ ಕೆಳಗಿಂದ ಎಸೆಯುವುದು ಸಹಜ, ಅದರಿಂದ ನೋವಾಗದು ಎಂಬ ನಂಬಿಕೆ ಅಲ್ಲಿ ದಶಕಗಳ ಕಾಲ ಉಳಿಯಿತು. ಹಾಗಾಗಿ ಒಬ್ಬಳೇ ಎಸೆಗಾರ್ತಿ ವಾರಾಂತ್ಯದ ಎಲ್ಲ ಪಂದ್ಯಗಳನ್ನೂ ಮುಗಿಸುತ್ತಿದ್ದಳು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಾಲಕಿಯರ ಎಸೆತವನ್ನು ಅಳೆದು, ಭುಜವನ್ನು ಕೀಲಿನಿಂದ ಸೆಳೆಯುವ ಬಲ ಅವರ ದೇಹತೂಕದ ಹತ್ತಿರಕ್ಕೇ ಹೋಗುತ್ತದೆ ಎಂದು ತೋರಿಸಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಯುಕಿಕೊ ಉಎನೊ ಎರಡು ದಿನಗಳಲ್ಲಿ ಮೂರು ಪಂದ್ಯ ಆಡಿ 413 ಚೆಂಡೆಸೆದು ಚಿನ್ನ ಗೆದ್ದರು. ಅದು ಪೂರ್ತಿ ಬಲಿತ ಕ್ರೀಡಾಪಟುವಿನ ಸಾಹಸ. ಹದಿಮೂರರ ಹುಡುಗಿಗೆ ಅದನ್ನು ಮಾದರಿಯಾಗಿ ತೋರಿಸುವುದು ತಪ್ಪು.

ಮಂಗಳೂರಿಗೆ ಈ ಮಾತು ನೇರವಾಗಿ ಸಂಬಂಧಿಸಿದೆ. ಹೊನಲು ಬೆಳಕಿನ ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಾಟ ನಮ್ಮ ಕರಾವಳಿಯ ಊರೂರಿನ ಹಬ್ಬ. ಗದ್ದೆ ಕೊಯ್ಲಾದ ಮೇಲೆ ಬ್ಯಾನರ್ ಕಟ್ಟದ ವೃತ್ತ ಸಿಗುವುದು ಕಷ್ಟ. ಕೈ ಕೆಳಗಿಂದ ರಭಸವಾಗಿ, ಗುರಿ ತಪ್ಪದೆ ಚೆಂಡು ಹಾಕುವ ಕೌಶಲ ಇಲ್ಲಿನ ಗಂಡುಮಕ್ಕಳಿಗೆ ಆಡುತ್ತಲೇ ಬರುತ್ತದೆ. ಅಲ್ಲಿ ಹುಡುಗಿಯರಿಗೆ ಜಾಗ ವಿರಳ. ಆದರೆ ಆಟದ ಬಲ ಇಲ್ಲಿನ ಹೆಣ್ಣುಮಕ್ಕಳಿಗೆ ಕಡಿಮೆಯಿಲ್ಲ. ಎಂ.ಆರ್. ಪೂವಮ್ಮ ಏಷ್ಯನ್ ಗೇಮ್ಸ್‌ನ 4x400 ರಿಲೇಯಲ್ಲಿ ಚಿನ್ನ ತಂದವರು. ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಎತ್ತರ ಜಿಗಿದು ಲಂಡನ್ ಒಲಿಂಪಿಕ್ಸ್‌ಗೆ ಹೋದವರು. ಕಾರ್ಕಳ ಕಡೆಯ ಮಮತಾ ಪೂಜಾರಿ ಕಬಡ್ಡಿ ವಿಶ್ವಕಪ್ ಗೆದ್ದವರು. ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆ ಅಥ್ಲೀಟ್‌ಗಳನ್ನು ಚಿಕ್ಕಂದಿನಲ್ಲೇ ಗುರುತಿಸಿ, ಊಟ ವಸತಿ ಕೊಟ್ಟು ಬೆಳೆಸುವ ಕ್ರಮವನ್ನು ರೂಢಿ ಮಾಡಿದೆ. ಓಟ, ಜಿಗಿತ, ಎಸೆತ ಮೂರೂ ಸೇರಿದರೆ ವೇಗದ ಬೌಲಿಂಗ್. ಜಾವೆಲಿನ್ ಎಸೆಯುವ ಹದಿಮೂರರ ಹುಡುಗಿಯ ಕೈಗೆ ಹಗುರ ಚೆಂಡು ಕೊಟ್ಟು ನೋಡುವ ಪಿಟಿ ಮೇಷ್ಟ್ರು ನಮಗೆ ಬೇಕು.

ಕರಾವಳಿಗೆ ಇನ್ನೊಂದು ತೊಡಕಿದೆ, ಅದನ್ನು ಬೆಂಗಳೂರಿನಲ್ಲಿ ಕೂತು ಯೋಜನೆ ಮಾಡುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವರ್ಷಕ್ಕೆ 3500 ಮಿ.ಮೀ. ದಾಟುವ ನಮ್ಮ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಮಳೆ ನಿಲ್ಲುವ ಹೊತ್ತಿಗೆ ದೇಶಿ ಋತು ಶುರು. ನಾಲ್ಕು ತಿಂಗಳು ಪೂರ್ಣ ರನ್‌ಅಪ್ ಹಾಕದ ಹುಡುಗಿ ಒಮ್ಮೆಲೇ ಆಯ್ಕೆಯ ಪಂದ್ಯಗಳಲ್ಲಿ ದಿನವೂ ಬೌಲ್ ಮಾಡಬೇಕಾಗುತ್ತದೆ. ಹೊರೆ ಹಠಾತ್ತನೆ ಏರುವುದೇ ಗಾಯಕ್ಕೆ ದಾರಿ. ಸಭಾಂಗಣದ ಕಾಂಕ್ರೀಟ್ ನೆಲದ ಮೇಲೆ ಓಡಿಸಿ ಬೌಲ್ ಮಾಡಿಸುವುದು ಇದಕ್ಕೆ ಪರಿಹಾರವಲ್ಲ, ಪ್ರತಿ ಚೆಂಡಿಗೂ ಮುಂಗಾಲಿನ ಮೇಲೆ ದೇಹತೂಕದ ಹಲವು ಪಟ್ಟು ಬಲ ಬೀಳುತ್ತದೆ. ಮಳೆಗಾಲ ಕಾಲು, ಸೊಂಟ, ಬೆನ್ನು ಗಟ್ಟಿಮಾಡಿಕೊಳ್ಳುವ ಕಾಲವಾಗಬೇಕು. ಛಾವಣಿಯಿರುವ, ಮ್ಯಾಟ್ ಹಾಸಿದ ನೆಲದಲ್ಲಿ ಅರ್ಧ ರನ್‌ಅಪ್‌ನಿಂದ ಕೆಲವೇ ಚೆಂಡುಗಳನ್ನು ಬಿಡದೆ ಹಾಕುತ್ತಿದ್ದರೆ ಅಕ್ಟೋಬರ್‌ನಲ್ಲಿ ಬೆನ್ನು ಬೆಚ್ಚಿಬೀಳುವುದಿಲ್ಲ.

ಊಟದ ಮಾತನ್ನೂ ಬಿಡುವಂತಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಮುಟ್ಟು ತಿಂಗಳುಗಟ್ಟಲೆ ನಿಂತರೆ ‘ಆಟ ಆಡುವವರಿಗೆ ಹಾಗೆ ಆಗುತ್ತದೆ’ ಎಂದು ಸುಮ್ಮನಿರುವ ಮನೆಗಳಿವೆ. ಉಣ್ಣುವುದು ಸಾಲದೆ ದುಡಿಮೆ ಹೆಚ್ಚಾದ ದೇಹ ಕೊಡುವ ಎಚ್ಚರಿಕೆ ಅದು, ಮೂಳೆಯ ಬಿರುಕು ಅದರ ಹಿಂದೆಯೇ ಬರಬಹುದು. ಪುರುಷ ತರಬೇತುದಾರರ ಮುಂದೆ ಹುಡುಗಿ ಇದನ್ನು ಹೇಳಿಕೊಳ್ಳಲಾರಳು. ಅಕಾಡೆಮಿಗಳಲ್ಲಿ ಮಹಿಳಾ ತರಬೇತುದಾರರು ಇರಬೇಕು ಎನ್ನಲು ಇಷ್ಟೇ ಕಾರಣ ಸಾಕು.

ಹುಡುಗಿಯರು ಮೇಲೇರುವ ಏಣಿಯಂತೂ ಈಗ ಸಿದ್ಧವಾಗಿದೆ. ಬಿಸಿಸಿಐ 2022-23ರಲ್ಲಿ 15ರೊಳಗಿನ ಹುಡುಗಿಯರ ಟೂರ್ನಿ ಆರಂಭಿಸಿತು. 2022ರ ಅಕ್ಟೋಬರ್‌ನಲ್ಲಿ ಭಾರತ ತಂಡದ ಪುರುಷರಿಗೂ ಮಹಿಳೆಯರಿಗೂ ಸಮಾನ ಪಂದ್ಯ ಸಂಭಾವನೆ ಘೋಷಣೆಯಾಯಿತು. 2023ರಲ್ಲಿ 19ರೊಳಗಿನ ಹುಡುಗಿಯರ ಮೊದಲ ವಿಶ್ವಕಪ್ ಫೈನಲ್ ಗೆಲ್ಲಿಸಿದ್ದು ಬಂಗಾಳದ ವೇಗಿ ತಿತಾಸ್ ಸಾಧು. 2025ರಲ್ಲಿ ಅದೇ ಕಪ್ ಗೆದ್ದ ತಂಡದ ನಾಯಕಿ ನಮ್ಮ ನಿಕಿ ಪ್ರಸಾದ್. ಡಬ್ಲ್ಯುಪಿಎಲ್‌ನಲ್ಲಿ 2024ರ ಮಾರ್ಚ್ 5ರಂದು ದಕ್ಷಿಣ ಆಫ್ರಿಕಾದ ಶಬ್ನಿಮ್ ಇಸ್ಮಾಯಿಲ್ ಗಂಟೆಗೆ 132.1 ಕಿ.ಮೀ. ವೇಗದ ಚೆಂಡು ಹಾಕಿದರು. ರಾಜ್ಯದ 2025ರ ಮಹಾರಾಣಿ ಟ್ರೋಫಿ ಟೂರ್ನಿಯಲ್ಲಿ ಮಂಗಳೂರು ಡ್ರ್ಯಾಗನ್ಸ್ ಹೆಸರಿನ ಮಹಿಳಾ ತಂಡವೂ ಆಡಿತು. ಆದರೆ ಮೆಟ್ಟಿಲು ಹೆಚ್ಚಾದಂತೆ ಒಬ್ಬಳೇ ಪ್ರತಿಭಾವಂತೆಯನ್ನು ಶಾಲೆ, ಕ್ಲಬ್, ವಲಯ, 15ರೊಳಗೆ, 19ರೊಳಗೆ ಎಂದು ಎಲ್ಲೆಡೆ ಎಳೆದಾಡುವ ಅಪಾಯವೂ ಹೆಚ್ಚಿದೆ. ಪ್ರತಿ ತಂಡವೂ ತನ್ನ ಓವರ್‌ಗಳನ್ನು ಮಾತ್ರ ಎಣಿಸುತ್ತದೆ, ಅವಳ ಬೆನ್ನು ಎಲ್ಲವನ್ನೂ ಎಣಿಸುತ್ತದೆ.

ಮಂಗಳೂರಿನ ಶಾಲೆ, ಅಕಾಡೆಮಿ, ಮನೆಗಳಲ್ಲಿ ವೇಗವಾಗಿ ಬೌಲ್ ಮಾಡಬಯಸುವ ಹುಡುಗಿ ಇದ್ದರೆ ಅವಳ ಹೆಸರಿನಲ್ಲೊಂದು ನೂರು ಪುಟದ ನೋಟ್‌ಬುಕ್ ಇಡಿ. ಅಭ್ಯಾಸದಲ್ಲಿ, ಪಂದ್ಯದಲ್ಲಿ, ಅಣ್ಣಂದಿರ ಜೊತೆ ಅಂಗಳದಲ್ಲಿ ಹಾಕಿದ ಚೆಂಡುಗಳನ್ನೆಲ್ಲ ದಿನವೂ ಬರೆಸಿ, ಬೆನ್ನು ನೋವಿದ್ದರೆ ಅದನ್ನೂ ಬರೆಸಿ. ಯಾವ ತಂಡಕ್ಕೆ ಹೋದರೂ ಆ ಪುಸ್ತಕ ಅವಳ ಕಿಟ್ ಬ್ಯಾಗಿನಲ್ಲಿರಲಿ, ತರಬೇತುದಾರರು ಅದನ್ನು ಓದಿಯೇ ಚೆಂಡು ಕೊಡಲಿ.