ಇಳಿಜಾರಿನ ನಿಲುವು: ಕಾಫಿ ಗುಡ್ಡಗಳಲ್ಲಿ ಸ್ಥಾಯಿ ಘರ್ಷಣೆ

ಒಂದನ್ನೊಂದು ಒತ್ತಿಕೊಂಡಿರುವ ಎರಡು ವಸ್ತುಗಳು ಜಾರತೊಡಗುವ ಮೊದಲು ಅವುಗಳ ನಡುವೆ ಏರ್ಪಡುವ ತಡೆಬಲವನ್ನು ಭೌತಶಾಸ್ತ್ರದಲ್ಲಿ ಸ್ಥಾಯಿ ಘರ್ಷಣೆ ಎನ್ನುತ್ತಾರೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿ ತೋಟಗಳಲ್ಲಿ ಇಳಿಜಾರಿನ ಮಣ್ಣು, ಬಂಡೆ, ಗಿಡಮರಗಳು ನಿಂತಲ್ಲೇ ನಿಂತಿರಲು ಈ ಬಲವೇ ಮುಖ್ಯ ಆಸರೆಯಾಗಿದ್ದು, ಮಳೆಗಾಲದಲ್ಲಿ ಆ ಆಸರೆ ಕುಗ್ಗುವ ಬಗೆಯನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಸ್ಥಾಯಿ ಘರ್ಷಣೆಗೆ ನಿಗದಿತವಾದ ಒಂದೇ ಪ್ರಮಾಣವಿಲ್ಲ. ದೂಡುವ ಬಲ ಎಷ್ಟೋ ಅಷ್ಟೇ ಪ್ರಮಾಣದಲ್ಲಿ ಅದು ಎದುರು ನಿಲ್ಲುತ್ತದೆ, ಆದರೆ ಒಂದು ಗರಿಷ್ಠ ಮಿತಿಯವರೆಗೆ ಮಾತ್ರ. ಈ ಮಿತಿಯು ವಸ್ತುಗಳು ಪರಸ್ಪರ ಒತ್ತಿಕೊಂಡಿರುವ ಲಂಬಬಲಕ್ಕೆ ಅನುಪಾತದಲ್ಲಿರುತ್ತದೆಯೇ ಹೊರತು ತಾಗಿರುವ ಮೈಯ ವಿಸ್ತಾರವನ್ನು ಅವಲಂಬಿಸಿಲ್ಲವೆಂಬ ನಿಯಮವನ್ನು ಫ್ರಾನ್ಸಿನ ಅಮೊಂಟನ್ 1699ರಲ್ಲಿ ಮಂಡಿಸಿದನು. 1785ರಲ್ಲಿ ಕೂಲಂಬ್ ಅದನ್ನು ವಿಸ್ತಾರವಾದ ಪ್ರಯೋಗಗಳಿಂದ ಬೆಳೆಸಿದನು. ಗರಿಷ್ಠ ಘರ್ಷಣೆಯನ್ನು ಲಂಬಬಲದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಘರ್ಷಣಾ ಗುಣಾಂಕ.

ಈ ನಿಯಮವನ್ನು ಕಾಫಿ ಕಣದಲ್ಲೇ ಕಾಣಬಹುದು. ಒಣಗಿದ ಚೆರ್ರಿಯನ್ನು ಒಂದೇ ಕಡೆ ಸುರಿಯುತ್ತ ಹೋದರೆ ರಾಶಿ ಸ್ವಲ್ಪ ಹೊತ್ತು ಕಡಿದಾಗುತ್ತದೆ. ಆಮೇಲೆ ಎಷ್ಟೇ ಸುರಿದರೂ ಕಾಳುಗಳು ಬದಿಗಳಲ್ಲಿ ಉರುಳಿ ಬುಡ ಅಗಲವಾಗುತ್ತದೆಯೇ ಹೊರತು ಇಳಿಜಾರಿನ ಕೋನ ಹೆಚ್ಚುವುದಿಲ್ಲ. ಹಾಗೆಯೇ ಹಲಗೆಯ ಮೇಲೊಂದು ಕಲ್ಲಿಟ್ಟು ಹಲಗೆಯನ್ನು ಮೆಲ್ಲಗೆ ಎತ್ತಿದರೆ, ಯಾವ ಕೋನದಲ್ಲಿ ಕಲ್ಲು ಜಾರುತ್ತದೆಯೋ ಆ ಕೋನದ ಟ್ಯಾಂಜೆಂಟ್ ಬೆಲೆಯೇ ಅವೆರಡರ ನಡುವಿನ ಘರ್ಷಣಾ ಗುಣಾಂಕವಾಗಿರುತ್ತದೆ.

ಗುಡ್ಡದ ಲೆಕ್ಕವೂ ಇದೇ. 20 ಡಿಗ್ರಿ ಇಳಿಜಾರಿನಲ್ಲಿರುವ 100 ಕಿಲೋಗ್ರಾಂ ಮಣ್ಣಿನ ತೂಕ 980 ನ್ಯೂಟನ್; ಅದರಲ್ಲಿ ಸುಮಾರು 335 ನ್ಯೂಟನ್ ಮಣ್ಣನ್ನು ಕೆಳಕ್ಕೆಳೆದರೆ, 921 ನ್ಯೂಟನ್ ಅಡಿಪದರವನ್ನು ಒತ್ತುತ್ತದೆ. ಗುಣಾಂಕ 0.6 ಎಂದು ಭಾವಿಸಿದರೆ ಗರಿಷ್ಠ ಘರ್ಷಣೆ 553 ನ್ಯೂಟನ್ ಆಗುವುದರಿಂದ ಮಣ್ಣು ಕದಲುವುದಿಲ್ಲ. ಮಣ್ಣಿನ ಅಂಟುಗುಣ ಮತ್ತು ಬೇರುಗಳ ಹಿಡಿತ ಇದಕ್ಕೆ ಸೇರುವ ಹೆಚ್ಚುವರಿ ಬಲಗಳು.

ನೀರು ಮಣ್ಣನ್ನು ನುಣುಪಾಗಿಸುವುದರಿಂದಲೇ ಗುಡ್ಡ ಜಾರುತ್ತದೆಂಬ ತಿಳಿವಳಿಕೆ ಅಪೂರ್ಣವಾದುದು. ಮಣ್ಣಿನ ರಂಧ್ರಗಳಲ್ಲಿ ತುಂಬಿದ ನೀರು ತನ್ನ ಒತ್ತಡದಿಂದ ಕಣಗಳನ್ನು ಬೇರ್ಪಡಿಸಲೆತ್ನಿಸುವುದರಿಂದ ಅವುಗಳ ನಡುವಿನ ಲಂಬಬಲವೇ ಕಡಿಮೆಯಾಗುತ್ತದೆಂದು ಮಣ್ಣಿನ ಯಂತ್ರಶಾಸ್ತ್ರಕ್ಕೆ ಬುನಾದಿ ಹಾಕಿದ ಕಾರ್ಲ್ ಟೆರ್ಜಾಗಿ ತೋರಿಸಿಕೊಟ್ಟನು. ನೆನೆದ ಮಣ್ಣಿನ ಸಾಂದ್ರತೆ ನೀರಿನ ಸುಮಾರು ಎರಡರಷ್ಟಿರುವುದರಿಂದ, ಮೇಲ್ಮೈವರೆಗೆ ನೀರು ತುಂಬಿದ ಇಳಿಜಾರಿನಲ್ಲಿ ಲಂಬಬಲ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆಗ ಮೇಲಿನ ಲೆಕ್ಕದ ಗರಿಷ್ಠ ಘರ್ಷಣೆ 276 ನ್ಯೂಟನ್‌ಗೆ ಕುಸಿದು, 335 ನ್ಯೂಟನ್ ಸೆಳೆತದ ಮುಂದೆ ಸೋಲುತ್ತದೆ. ಗುಣಾಂಕ ಬದಲಾಗದಿದ್ದರೂ, ಇಳಿಜಾರು ಹೆಚ್ಚದಿದ್ದರೂ ಗುಡ್ಡ ಜಾರಬಲ್ಲದೆಂಬುದು ಇಲ್ಲಿನ ಮುಖ್ಯಾಂಶ.

2019ರ ಆಗಸ್ಟ್ ತಿಂಗಳ ಭಾರಿ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದೆಡೆ ಗುಡ್ಡ ಕುಸಿದು ಮನೆ, ಗದ್ದೆ, ತೋಟಗಳು ಹಾಳಾದುದನ್ನೂ, ಚಾರ್ಮಾಡಿ ಘಾಟಿಯ ರಸ್ತೆ ಕುಸಿದುದನ್ನೂ ಅರಿಯಲು ಈ ತತ್ತ್ವ ಅಗತ್ಯ. ಒಮ್ಮೆ ಜಾರತೊಡಗಿದ ಮೇಲೆ ಕೆಲಸ ಮಾಡುವ ಚಲನ ಘರ್ಷಣೆ ಸಾಮಾನ್ಯವಾಗಿ ಸ್ಥಾಯಿ ಘರ್ಷಣೆಗಿಂತ ಕಡಿಮೆಯಾದ್ದರಿಂದ, ಕುಸಿತವನ್ನು ನಡುವೆ ತಡೆಯುವುದು ಕಷ್ಟ. ಆದುದರಿಂದ ಕಡಿದಾದ ತೋಟಗಳಲ್ಲಿ ಮುಂಗಾರಿಗೆ ಮೊದಲೇ ಬಸಿಗಾಲುವೆಗಳ ಹೂಳು ತೆಗೆದು ನೀರಿಗೆ ದಾರಿ ಮಾಡಿಕೊಡುವುದು, ಇಳಿಜಾರಿನ ಬುಡವನ್ನು ಕಡಿಯದಿರುವುದು, ಮರಗಳ ಬೇರಿನ ಹಿಡಿತವನ್ನು ಉಳಿಸಿಕೊಳ್ಳುವುದು ಗುಡ್ಡದ ಘರ್ಷಣೆಯನ್ನೇ ಕಾಯುವ ಕೆಲಸಗಳು. ಬೆಳೆಗಾರರೂ ರಸ್ತೆ ನಿರ್ಮಿಸುವವರೂ ಇವನ್ನು ಮಳೆ ಬರುವ ಮುನ್ನವೇ ಮುಗಿಸಬೇಕು.